ನೀರೊಳಗಿನ ಅಡ್ರೆಸ್ಸು

2025ರ ಚೌತಿ ಮುಗಿಸಿಕೊಂಡು ಅಪ್ಪಯ್ಯ ಬೆಂಗಳೂರಿಗೆ ಬಂದ. ಬಂದಿದ್ದು ಹಲ್ಲಿನ ಸೆಟ್ಟು ಕಟ್ಟಿಸೋಕೆ. ಇವತ್ತು ಅಳತೆ, ನಾಡಿದ್ದು ಮತ್ತೆ ಅಳತೆ, ಆಮೇಲೆ ಉಜ್ಜಿ ಸರಿಮಾಡೋದು, ಹೀಗೆ ಹನ್ನೆರಡು ದಿನ ಹಿಡಿಯಿತು. ಹೊಸನಗರದ ಮಳೆಯಲ್ಲಿ ಬೆಳಗಿನಿಂದ ಸಂಜೆವರೆಗೆ ತೋಟ ಸುತ್ತುವ ಮನುಷ್ಯ ಏಳನೇ ಮಹಡಿಯ ಫ್ಲಾಟಿನಲ್ಲಿ ಹನ್ನೆರಡು ದಿನ ಏನು ಮಾಡಬೇಕು? ಪೇಪರ್ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಧಾರಾವಾಹಿ ಕಂಡರೆ ಆಗಲ್ಲ. ಬಾಲ್ಕನಿಯಲ್ಲಿ ನಿಂತು ಎದುರಿನ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಮನೆ ಲೈಟು ಹಗಲಲ್ಲೂ ಉರಿಯುತ್ತಿದೆ ಅಂತ ಲೆಕ್ಕ ಹಾಕುತ್ತಿದ್ದ.

ಮೂರನೇ ದಿನ ರಾತ್ರಿ ನನ್ನ ಕೊನೆಯ ಮೀಟಿಂಗ್ ಮುಗಿದು, ಅವನ ಗಂಜಿ ಮುಗಿದ ಮೇಲೆ, 'ಒಂದು ಸಿನಿಮಾ ಹಾಕ್ಲಾ?' ಅಂದೆ. 'ಎಂತದು?' 'ಅಣೆಕಟ್ಟಿಂದು.' ಅಪ್ಪಯ್ಯ ಏನೂ ಹೇಳಲಿಲ್ಲ. ಕನ್ನಡಕ ಒರೆಸಿಕೊಂಡ. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆ.

ಜನವರಿಯಲ್ಲಿ ನಾ. ಡಿಸೋಜ ತೀರಿಕೊಂಡಾಗಿನಿಂದ ನನ್ನ ಹತ್ತಿರ ಒಂದು ಲಿಸ್ಟ್ ಇತ್ತು. ಸಾಗರದ ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಶರಾವತಿ ಯೋಜನೆಯ ಕಚೇರಿಗಳಲ್ಲಿ ಕೂತು, ಹಗಲು ಸರ್ಕಾರದ ಕಾಗದ ಟೈಪ್ ಮಾಡಿ, ಆ ಕಾಗದದಿಂದ ಊರು ಕಳೆದುಕೊಂಡವರ ಕಥೆ ಬರೆದವರು. ಅವರ 'ದ್ವೀಪ' ಗಿರೀಶ್ ಕಾಸರವಳ್ಳಿಯವರ ಸಿನಿಮಾ ಆಗಿದ್ದು ನಿಮಗೆ ಗೊತ್ತಿರಬಹುದು. ಅವರು ಹೋದ ದಿನ ಅದನ್ನು ಮತ್ತೆ ನೋಡಬೇಕು ಅಂದುಕೊಂಡೆ. ಹುಡುಕುತ್ತಾ ಹೋದರೆ ಪ್ರಪಂಚದಲ್ಲಿ ಮುಳುಗಡೆಯ ಬಗ್ಗೆ ಎಷ್ಟೊಂದು ಸಿನಿಮಾ ಇವೆ! ಅದರಲ್ಲೂ ಎಷ್ಟು ಜಾತಿ! ಪ್ರೇಮಕಥೆ, ಥ್ರಿಲ್ಲರ್, ಹಾಡಿರುವ ಕಾಮಿಡಿ, ಮಾತೇ ಇಲ್ಲದಂಥ ಆರ್ಟ್ ಫಿಲ್ಮ್. ಒಂದೇ ನೀರು, ಬೇರೆ ಬೇರೆ ಪಾತ್ರೆ. ಲಿಸ್ಟ್ ಮಾಡಿಟ್ಟೆ, ಎಲ್ಲಾ ಲಿಸ್ಟಿನ ಹಾಗೆ ಅದೂ ಹಾಗೇ ಬಿದ್ದಿತ್ತು.

ಇಂಗ್ಲಿಷ್, ಚೀನೀ ಸಿನಿಮಾನ ಹಳ್ಳಿ ಮುದುಕ ಹೇಗೆ ನೋಡ್ತಾನೆ ಅಂತ ನಿಮಗೆ ಅನ್ನಿಸಿದರೆ ಒಂದು ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆಯವರಿಗೆ ಅದರ ಅಭ್ಯಾಸ ನಿಮಗಿಂತ ಹಳೆಯದು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿತ್ತು. ಅಡಿಕೆ ಸುಲಿದ ಕೈಯಲ್ಲೇ ಬಂದು ಜನ ಸತ್ಯಜಿತ್ ರಾಯ್ ನೋಡಿದರು, ಕುರೊಸಾವಾ ನೋಡಿದರು. ಅಪ್ಪಯ್ಯ ಹುಡುಗನಾಗಿದ್ದಾಗ ಗೆಳೆಯರ ಜೊತೆ ಸೈಕಲ್ ಮೇಲೆ ಹೆಗ್ಗೋಡಿಗೆ ಹೋಗಿ 'ಪಥೇರ್ ಪಾಂಚಾಲಿ' ನೋಡಿದ್ದನಂತೆ. ಈಗಲೂ ಅವನಿಗೆ ಹೆಸರು ಬಾಯಿಗೆ ಬರಲ್ಲ. 'ಅಕ್ಕ ತಮ್ಮ ರೈಲು ನೋಡಕೆ ಓಡ್ತ್ವಲ, ಆ ಸಿನಿಮಾ' ಅನ್ನುತ್ತಾನೆ. ಭಾಷೆ ಗೊತ್ತಾಗಲಿಲ್ವಾ ಅಂತ ಕೇಳಿದರೆ, 'ಹಸಿವಿಗೆ ಎಂತ ಭಾಷೆ ಮಾರಾಯ' ಅಂದ.

ನಮ್ಮ ಕಡೆ 'ಮುಳುಗಡೆ' ಅನ್ನೋ ಪದ ಒಂದು ಘಟನೆಯ ಹೆಸರಷ್ಟೇ ಅಲ್ಲ. ಅದೊಂದು ಕಾಲ: 'ಮುಳುಗಡೆಗಿಂತ ಮುಂಚೆ ಹುಟ್ಟಿದವ.' ಅದೊಂದು ಜಾಗ: 'ಮುಳುಗಡೆ ಕಡೆ ಹೋಗಿ ಮೀನು ತಂದ.' ಮದುವೆ ಮಾತುಕತೆಯಲ್ಲಿ ಅದೊಂದು ಜಾತಿಯೂ ಹೌದು: 'ಅವರು ಮುಳುಗಡೆಯವರು', ಅಂದರೆ ಜಮೀನಿನ ಕಾಗದ ಸರಿ ಇಲ್ಲ, ಯೋಚನೆ ಮಾಡಿ ಹೆಣ್ಣು ಕೊಡಿ ಅಂತ.

ಶರಾವತಿ ಹುಟ್ಟೋದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ಹಾದು, ಜೋಗದಲ್ಲಿ ಬಿದ್ದು, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅವಳನ್ನು ಮೊದಲು ಕಟ್ಟಿಹಾಕಿದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ, ಮಡೆನೂರಿನ ಹತ್ತಿರದ ಹಿರೇಭಾಸ್ಕರ ಅಣೆಕಟ್ಟಿನಿಂದ. ಆ ನೀರಿನಿಂದ ಜೋಗದ ಕೆಳಗೆ 1948ರಲ್ಲಿ ಕರೆಂಟು ಹುಟ್ಟಿತು. ಆಮೇಲೆ ಅದಕ್ಕೆ ಮಹಾತ್ಮ ಗಾಂಧಿ ಅಂತ ಹೆಸರಿಟ್ಟರು. 120 ಮೆಗಾವಾಟ್. ಅದು ಸಾಲದೆ ಹೋಯ್ತು. 1964ಕ್ಕೆ ಕೆಳಗಡೆ ಲಿಂಗನಮಕ್ಕಿ ಎದ್ದಿತು. 151 ಟಿಎಂಸಿ ನೀರು, 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ. ಸಾಗರ, ಹೊಸನಗರ ತಾಲೂಕುಗಳ ನೂರಕ್ಕೂ ಹೆಚ್ಚು ಊರು ನೀರಿಗೆ ಹೋದವು. ತಮಾಷೆ ಅಂದರೆ ಹಿರೇಭಾಸ್ಕರವೂ ಹೋಯ್ತು. ಊರು ಮುಳುಗಿಸಿದ ಅಣೆಕಟ್ಟು ಹದಿನಾರೇ ವರ್ಷಕ್ಕೆ ತಾನೇ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮೇಲೆ ಬರುತ್ತದೆ. ಗಣೇಶ ಅಯ್ಯರ್ ಅನ್ನೋ ನಮ್ಮವರೇ ಆದ ಇಂಜಿನಿಯರ್ ರೂಪಿಸಿದ ಆ ಸೈಫನ್ನುಗಳು ಒಣಗಿದ ಕೆಸರಿನ ನಡುವೆ ಈಗಲೂ ಗಟ್ಟಿಯಾಗಿ ನಿಂತಿವೆ. ಬೆಂಗಳೂರಿನ ಹುಡುಗರು ಬೈಕಲ್ಲಿ ಬಂದು ರೀಲ್ಸ್ ಮಾಡುತ್ತಾರೆ.

ಅಪ್ಪಯ್ಯನಿಗೆ ಆಗ ಏಳು ವರ್ಷ.

ಮೊದಲು ಹಾಕಿದ್ದು 'ವೈಲ್ಡ್ ರಿವರ್'. ಎಲಿಯಾ ಕಜಾನ್ 1960ರಲ್ಲಿ ಮಾಡಿದ್ದು, ಅಂದರೆ ಇಲ್ಲಿ ಲಿಂಗನಮಕ್ಕಿಯ ಕೆಲಸ ನಡೀತಾ ಇದ್ದಾಗ. ಅಮೆರಿಕದ ಟೆನೆಸಿ ನದಿ, 1930ರ ದಶಕ. ಅಲ್ಲಿನ ಟಿವಿಎ ಅನ್ನೋ ಪ್ರಾಧಿಕಾರದ ಅಧಿಕಾರಿಯೊಬ್ಬ ನದಿ ನಡುವಿನ ದ್ವೀಪದಲ್ಲಿರುವ ಎಲ್ಲಾ ಗಾರ್ತ್ ಎಂಬ ಮುದುಕಿಯನ್ನು ಎಬ್ಬಿಸೋಕೆ ಬರುತ್ತಾನೆ. ಈ ಟಿವಿಎ ನಮಗೆ ದೂರದ್ದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದಾಮೋದರ ಕಣಿವೆ ನಿಗಮವನ್ನು ಅದನ್ನೇ ನೋಡಿಕೊಂಡು ಮಾಡಿದ್ದು. ಆ ಕಾಲದ ನಮ್ಮ ಇಂಜಿನಿಯರುಗಳಿಗೆ ಟೆನೆಸಿ ಅಂದರೆ ಕಾಶಿ ಇದ್ದ ಹಾಗೆ.

ಸಿನಿಮಾದಲ್ಲಿ ಪ್ರೇಮಕಥೆಯೂ ಇದೆ. ನಾವಿಬ್ಬರೂ ಅದನ್ನು ಮುಜುಗರದಿಂದ ದಾಟಿದೆವು. ನೆನಪಿರೋದು ನಾಯಿಯ ಸೀನು. ಮುದುಕಿ ಅಧಿಕಾರಿಯ ಎದುರಿಗೇ ತನ್ನ ಆಳಿನ ಹತ್ತಿರ 'ನಿನ್ನ ನಾಯಿ ನನಗೆ ಮಾರು' ಅಂತಾಳೆ. ಅವನು ಆಗಲ್ಲ ಅಂತಾನೆ. ಒಳ್ಳೇ ದುಡ್ಡು ಕೊಡ್ತೀನಿ, ಮಾರಲೇಬೇಕು ಅಂತಾಳೆ. ಅವನು ಗಾಬರಿಯಾಗುತ್ತಾನೆ. ನನ್ನದನ್ನು ಮಾರೋದಿಲ್ಲ ಅನ್ನೋ ಹಕ್ಕು ಇವನಿಗೂ ಇದೆ, ನನಗೂ ಇದೆ ಅಂತ ತೋರಿಸೋಕೆ ಅವಳು ಆಡಿದ ಆಟ ಅದು. ನನಗೆ ರೋಮಾಂಚನ ಆಯ್ತು. ಎಂಥ ಬರವಣಿಗೆ ಅಂತ ಅಪ್ಪಯ್ಯನ ಕಡೆ ತಿರುಗಿದೆ.

'ಆ ಮುದುಕಿಗೆ ಜಾಗ ಅವಳ ಹೆಸರಲ್ಲೇ ಇತ್ತಲ,' ಅಂದ ಅಪ್ಪಯ್ಯ. 'ಅದಕ್ಕೇ ಅಷ್ಟು ಮಾತು.'

ಅಜ್ಜ ಗೇಣಿ ಒಕ್ಕಲು. ಐದು ಎಕರೆ ಗದ್ದೆ, ಹೊಳೆ ದಂಡೆಯ ಮೆಕ್ಕಲು ಮಣ್ಣು, ಎರಡು ಬೆಳೆ. ಉತ್ತಿದ್ದು ಅಜ್ಜ, ಕಾಗದದಲ್ಲಿದ್ದಿದ್ದು ಒಡೆಯರು. ಇದೇ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಕೊಳಗದ ಅಳತೆಯ ವಿಷಯಕ್ಕೆ ತಿರುಗಿಬಿದ್ದಿದ್ದರು. ಲೋಹಿಯಾ ಬಂದು ಬಂಧನವಾಗಿದ್ದರು. ಶಾಂತವೇರಿ ಗೋಪಾಲಗೌಡರ ಹೆಸರು ಊರೂರಿಗೆ ಗೊತ್ತಾಗಿದ್ದು ಆವಾಗ. ಉಳುವವನೇ ಹೊಲದೊಡೆಯ ಅನ್ನೋದು ನಿಜವಾಗಿ ಕೈಗೆ ಸಿಕ್ಕಿದ್ದು ಮಾತ್ರ 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ. ಲೆಕ್ಕ ಹಾಕಿ ನೋಡಿ. ನೀರು ಬಂದಿದ್ದು 1964. ಕಾನೂನು ಬಂದಿದ್ದು 1974. ಹತ್ತು ವರ್ಷ. ಈ ಹತ್ತು ವರ್ಷದ ಅಂತರ ಯಾವ ಪಾಠಪುಸ್ತಕದಲ್ಲೂ ಒಟ್ಟಿಗೆ ಬರಲ್ಲ. ಅಣೆಕಟ್ಟು ಒಂದು ಅಧ್ಯಾಯದಲ್ಲಿ, ಭೂಸುಧಾರಣೆ ಇನ್ನೊಂದರಲ್ಲಿ. ಅಜ್ಜ ಇವೆರಡರ ನಡುವಿನ ಖಾಲಿ ಪುಟದಲ್ಲಿ ನಿಂತಿದ್ದ. ಗದ್ದೆಯ ಪರಿಹಾರ ಒಡೆಯರಿಗೆ ಹೋಯ್ತು. ಅವರು ಪೇಟೆಯಲ್ಲಿ ಮನೆ ಮಾಡಿದರು. ಅಜ್ಜನಿಗೆ ಸಿಕ್ಕಿದ್ದು ಮನೆಯ ಲೆಕ್ಕದ ಒಂದಿಷ್ಟು ರೂಪಾಯಿ. ಎಷ್ಟು ಅಂತ ಅವನು ಸಾಯೋವರೆಗೂ ಹೇಳಲಿಲ್ಲ. ನಾಚಿಕೆ ಅವನಿಗೆ.

ಮರುದಿನ ಸ್ವಲ್ಪ ಹಗುರ ಇರಲಿ ಅಂತ ಕೋಯನ್ ಸಹೋದರರ 'ಓ ಬ್ರದರ್, ವೇರ್ ಆರ್ಟ್ ದೌ?' ಹಾಕಿದೆ. ಜೈಲಿಂದ ತಪ್ಪಿಸಿಕೊಂಡ ಮೂವರು ಪೆದ್ದರು, ದಾರಿಯುದ್ದಕ್ಕೂ ಹಾಡು. ನಾಲ್ಕು ದಿನದಲ್ಲಿ ಮುಳುಗಲಿರುವ ಕಣಿವೆಯಲ್ಲಿ ನಿಧಿ ಇದೆ ಅಂತ ಓಡೋದು. ಕೊನೆಗೆ ಅವರನ್ನು ನೇಣಿಗೆ ಹಾಕಬೇಕು ಅನ್ನುವಾಗ ಅಣೆಕಟ್ಟಿನ ನೀರು ನುಗ್ಗಿ ಬಂದು ಉಳಿಸುತ್ತದೆ. ನೀರಲ್ಲಿ ತೇಲುತ್ತಾ ಜಾರ್ಜ್ ಕ್ಲೂನಿ ಕರೆಂಟಿನ ಬಗ್ಗೆ, ಬರಲಿರುವ ಹೊಸ ಕಾಲದ ಬಗ್ಗೆ ಭಾಷಣ ಬಿಗಿಯುತ್ತಾನೆ. ಅಷ್ಟರಲ್ಲಿ ಮುಳುಗಿದ ಕೊಟ್ಟಿಗೆಯೊಂದರ ಮಾಡಿನ ಮೇಲೆ ಒಂದು ಹಸು ನಿಂತಿರೋದು ಕಾಣುತ್ತದೆ.

ಅಪ್ಪಯ್ಯ ಹಲ್ಲಿಲ್ಲದ ಬಾಯಲ್ಲಿ ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, 'ಗೌರಿ ಮೂರು ಸಲ ವಾಪಸ್ ಹೋಗಿತ್ತು ಗೊತ್ತಾ' ಅಂದ. ಗೌರಿ ಹಳೇ ಮನೆಯ ದನ. ಗುಡ್ಡದ ಮೇಲೆ ಹೊಸ ಕೊಟ್ಟಿಗೆ ಕಟ್ಟಿ ಕಟ್ಟಿಹಾಕಿದರೂ ಹಗ್ಗ ಹರಿದುಕೊಂಡು ಕೆಳಗೆ ಹೋಗುತ್ತಿತ್ತಂತೆ. ಮೊದಲನೇ ಸಲ ಕೊಟ್ಟಿಗೆಯಲ್ಲೇ ನಿಂತಿತ್ತು. ಎರಡನೇ ಸಲ ಹೊಟ್ಟೆ ಮಟ್ಟದ ನೀರಲ್ಲಿ. ಮೂರನೇ ಸಲ ಅಪ್ಪಯ್ಯನನ್ನು ನೋಡೋಕೆ ಬಿಡಲಿಲ್ಲವಂತೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಈ ಕಥೆಯನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅದಕ್ಕೆ ಒಂದು ಕಾಮಿಡಿ ಸಿನಿಮಾ ಬೇಕಾಯ್ತು.

'ಡೆಲಿವರೆನ್ಸ್' ಒಂದನ್ನು ನಾನೊಬ್ಬನೇ ನೋಡಿದೆ. ಅದು 1972ರದ್ದು, ಅಣೆಕಟ್ಟು ಬರೋಕೆ ಮುಂಚೆ ಕೊನೇ ಸಲ ಆ ನದಿಯಲ್ಲಿ ದೋಣಿ ನಡೆಸೋಣ ಅಂತ ಪೇಟೆಯ ನಾಲ್ವರು ಹೋಗೋ ಥ್ರಿಲ್ಲರ್. ಅಪ್ಪನ ಪಕ್ಕ ಕೂತು ನೋಡೋ ಸಿನಿಮಾ ಅಲ್ಲ, ನೋಡಿದವರಿಗೆ ಗೊತ್ತು. ತಾಂತ್ರಿಕವಾಗಿ ಅದ್ಭುತ. ಆದರೆ ಅದರಲ್ಲಿ ನದಿ ಪಕ್ಕದವರೆಲ್ಲ ಭಯ ಹುಟ್ಟಿಸೋ ಕಾಡುಜನ. ಊರು ಮುಳುಗಿದರೇ ಒಳ್ಳೇದು ಅನ್ನಿಸಿಬಿಡುತ್ತದೆ. ಸಮಾಧಿಗಳನ್ನು ಅಗೆದು ಬೇರೆ ಕಡೆ ಸಾಗಿಸುವ ಒಂದು ಸೀನಿದೆ, ಅಷ್ಟೇ ನನಗೆ ಉಳಿದದ್ದು. ನಮ್ಮಲ್ಲಿ ಅದೂ ಆಗಲಿಲ್ಲ. ಮುತ್ತಜ್ಜ ಮುತ್ತಜ್ಜಿಯರೆಲ್ಲ ಕೆಳಗೇ ಇದ್ದಾರೆ.

ಶನಿವಾರ ರಾತ್ರಿ 'ಸ್ಟಿಲ್ ಲೈಫ್'. ಚೀನಾದ ಜಿಯಾ ಜಾಂಗ್‌ಕೆ 2006ರಲ್ಲಿ ಮಾಡಿದ್ದು, ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು. ಯಾಂಗ್ಟ್ಸೆ ನದಿಯ ತ್ರೀ ಗಾರ್ಜಸ್ ಅಣೆಕಟ್ಟು, 12 ಲಕ್ಷಕ್ಕೂ ಹೆಚ್ಚು ಜನ ಎದ್ದು ಹೋದ ಯೋಜನೆ. ಫೆಂಗ್ಜಿಯೆ ಅನ್ನೋ ಹಳೇ ಪಟ್ಟಣವನ್ನು ಅಲ್ಲಿನ ಜನರೇ ಸುತ್ತಿಗೆ ಹಿಡಿದು ಒಡೆಯುತ್ತಾ ಇದ್ದಾರೆ. ಗಣಿ ಕೆಲಸದವನೊಬ್ಬ ಹದಿನಾರು ವರ್ಷದ ಹಿಂದೆ ಬಿಟ್ಟುಹೋದ ಹೆಂಡತಿಯನ್ನು ಹುಡುಕಿಕೊಂಡು ಬರುತ್ತಾನೆ. ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಅಡ್ರೆಸ್ಸು. ಬೈಕಿನವನೊಬ್ಬ ದುಡ್ಡು ತಗೊಂಡು ಕೂರಿಸಿಕೊಂಡು ಹೋಗಿ ನದಿ ದಂಡೆಯಲ್ಲಿ ನಿಲ್ಲಿಸಿ, ನೀರಿನ ಕಡೆ ಕೈ ತೋರಿಸುತ್ತಾನೆ. ಅಗೋ ನಿನ್ನ ಬೀದಿ, ಅಲ್ಲಿ ಕೆಳಗೆ.

'ನಿಲ್ಸು,' ಅಂದ ಅಪ್ಪಯ್ಯ. 'ಇನ್ನೊಂದ್ಸಲ ಹಾಕು.'

ಹಾಕಿದೆ. ಮತ್ತೆ ಹಾಕು ಅಂದ. ಮೂರು ಸಲ ನೋಡಿದ. ಪೇಟೆಗೆ ಹೋದಾಗ, ಮದುವೆಮನೆಗಳಲ್ಲಿ, ಮೊನ್ನೆ ಹಲ್ಲಿನ ಕ್ಲಿನಿಕ್ಕಿನಲ್ಲೂ 'ನಿಮ್ಮ ಮೂಲ ಊರು ಯಾವುದು?' ಅಂತ ಕೇಳಿದರೆ ಅಪ್ಪಯ್ಯ ಕೊಡುತ್ತಿದ್ದ ಉತ್ತರ ಅದೇ ತಾನೆ. ಹೆಸರು ಹೇಳುತ್ತಾನೆ, ಎದುರಿನವರಿಗೆ ಗೊತ್ತಾಗಲ್ಲ. ಕೈ ಬೀಸಿ 'ಹಿನ್ನೀರಲ್ಲಿ' ಅನ್ನುತ್ತಾನೆ.

ಆ ಸಿನಿಮಾದಲ್ಲಿ ಗೋಡೆಗಳ ಮೇಲೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗುರುತು ಬರೆದಿದ್ದಾರೆ: 156.5 ಮೀಟರ್. ನಮ್ಮದು 1819 ಅಡಿ. ಸಮುದ್ರ ಮಟ್ಟದಿಂದ ಲಿಂಗನಮಕ್ಕಿಯ ತುಂಬು ಮಟ್ಟ. ನಮ್ಮೂರಲ್ಲಿ ಈ ನಂಬರು ಮಗ್ಗಿ ಬಾರದ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪೇಪರ್ ಬಂದರೆ ಮೊದಲು ನೋಡೋದು ಇವತ್ತಿನ ಮಟ್ಟ ಎಷ್ಟು ಅಂತ. 1810 ದಾಟಿದರೆ ಗೇಟು ಯಾವಾಗ ತೆಗೀತಾರೆ ಅನ್ನೋ ಮಾತು. ಗೇಟು ತೆಗೆದರೆ ನೀವೆಲ್ಲ ಕಾರು ಮಾಡಿಕೊಂಡು ಜೋಗಕ್ಕೆ ಬರುತ್ತೀರಿ. 'ಮುಂಗಾರು ಮಳೆ' ಬಂದ ಮೇಲಂತೂ ಜೋಗ ಅಂದರೆ ಯಾವಾಗಲೂ ಹಾಗೇ ಧುಮುಕುತ್ತಿರುತ್ತದೆ ಅಂತ ನಂಬಿದವರಿದ್ದಾರೆ. ಬೇಸಿಗೆಯಲ್ಲಿ ಬಂದು ನೋಡಿ, ಬಂಡೆ ಮೇಲೆ ದಾರದ ಎಳೆ ಇದ್ದ ಹಾಗೆ. ಬಾಕಿ ನೀರು ಸುರಂಗದಲ್ಲಿ ಇಳಿದು ಕರೆಂಟಾಗಿ ನನ್ನ ಫ್ಲಾಟಿಗೆ ಬಂದಿರುತ್ತದೆ.

ಸರ್ವೆಯವರು ಬಂದು ಅಂಗಳದ ಹಲಸಿನ ಮರಕ್ಕೆ ಡಾಂಬರಿನಲ್ಲಿ ಒಂದು ಗೆರೆ ಎಳೆದಿದ್ದರಂತೆ. ಗೆರೆ ಅಪ್ಪಯ್ಯನ ತಲೆಗಿಂತ ಎಷ್ಟೋ ಮೇಲೆ. ಅಲ್ಲಿವರೆಗೂ ನೀರು ಬರುತ್ತೆ ಅಂದರೆ ಮಕ್ಕಳು ನಕ್ಕಿದ್ದರು. ಆಮೇಲೆ ಅಜ್ಜ ಅದೇ ಮರ ಕಡಿದ. ಮುಂಡಿಗೆ, ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹೇರಿದ. ಫೆಂಗ್ಜಿಯೆಯಲ್ಲಿ ಇಟ್ಟಿಗೆ ಒಡೆಯುವವರನ್ನು ನೋಡುತ್ತಾ ಅಪ್ಪಯ್ಯ, 'ನಮ್ಮದೂ ಹಿಂಗೇ, ಕೂಲಿ ಮಾತ್ರ ಯಾರೂ ಕೊಡ್ಲಿಲ್ಲ' ಅಂದ. ನಮ್ಮ ಮನೆಗೆ ಬಂದವರೆಲ್ಲ ಆಶ್ಚರ್ಯಪಡುವ ಒಂದು ಸಂಗತಿ ಇದೆ. ಮಣ್ಣಿನ ಗೋಡೆಯ ಸಣ್ಣ ಮನೆಗೆ ದೇವಸ್ಥಾನಕ್ಕಿಡುವಂಥ ದೊಡ್ಡ ಬಾಗಿಲು. ಅದು ಕೆಳಗಿನ ಮನೆಯ ಬಾಗಿಲು. ಬಾಗಿಲಿಗೆ ತಕ್ಕ ಮನೆ ಆಮೇಲೆ ಕಟ್ಟಿದರಾಯ್ತು ಅಂತ ಅಜ್ಜ ಅಂದಿದ್ದನಂತೆ.

ಭಾನುವಾರ ಕೊನೆಗೆ 'ದ್ವೀಪ'. ಇದನ್ನು ನಾನು ಬೇಕಂತಲೇ ಮುಂದೆ ಹಾಕುತ್ತಾ ಬಂದಿದ್ದೆ.

ನೋಡದವರಿಗೆ: ಅಣೆಕಟ್ಟಿನ ಹಿನ್ನೀರಲ್ಲಿ ಸೀತಾಪರ್ವತ ಅನ್ನೋ ಗುಡ್ಡ ದ್ವೀಪವಾಗುತ್ತಾ ಬರುತ್ತದೆ. ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ನೇಮ ನಡೆಸುವ ಮನೆತನದ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿದುಕೊಳ್ಳುತ್ತಾರೆ. 'ಚೋಮನ ದುಡಿ'ಯ ಎಂ.ವಿ. ವಾಸುದೇವರಾವ್ ದುಗ್ಗಜ್ಜ, ಅವಿನಾಶ್ ಗಣಪ, ಸೌಂದರ್ಯ ನಾಗಿ. ನಿರ್ಮಾಣವೂ ಸೌಂದರ್ಯ ಅವರದೇ. ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂತು, ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ. ಕಾಸರವಳ್ಳಿ ತೀರ್ಥಹಳ್ಳಿ ತಾಲೂಕಿನ ಕೆಸಲೂರಿನವರು, ಮಳೆಯಲ್ಲಿ ಹುಟ್ಟಿದವರು. ಅದು ತೆರೆಯ ಮೇಲೆ ಗೊತ್ತಾಗುತ್ತದೆ. ಬೇರೆಯವರ ಸಿನಿಮಾದಲ್ಲಿ ಮಳೆ ಬಂದರೆ ಹಾಡು ಬರುತ್ತದೆ. ಇಲ್ಲಿ ಮಳೆ ಬಂದರೆ ಬಟ್ಟೆ ಒಣಗೋದಿಲ್ಲ.

ಅಪ್ಪಯ್ಯನ ಮೊದಲ ವಿಮರ್ಶೆ: 'ಮಳೆ ಸರಿ ಇದೆ.' ಎರಡನೆಯದು: 'ನೀರು ಇಷ್ಟು ಹೇಳಿ ಕೇಳಿ ಬರಲ್ಲ.' ನೀರಿಗೆ ಸದ್ದೇ ಇರಲಿಲ್ಲವಂತೆ. ಮೊದಲು ಹಾವುಗಳು ಮೇಲೆ ಬಂದವು. ಇಲಿ ಬಂದವು. ಕಪ್ಪೆ ಕೂಗೋ ದಿಕ್ಕು ಬದಲಾಯ್ತು. ಒಂದು ಬೆಳಿಗ್ಗೆ ಎದ್ದರೆ ಕೆಳಗಿನ ಗದ್ದೆಯಲ್ಲಿ ನೀರು ನಿಂತಿತ್ತು. ಮಳೆಗಾಲದಲ್ಲಿ ಗದ್ದೆಯಲ್ಲಿ ನೀರು ನಿಲ್ಲೋದು ಯಾವ ಹೊಸ ವಿಷಯ? ಮರುದಿನ ಅದು ಇಳಿಯಲಿಲ್ಲ, ಅಷ್ಟೇ.

ಕೊನೆ ಹತ್ತಿರ ಬಂದಾಗ ಅಪ್ಪಯ್ಯ ಕಾಲು ಮಡಚಿ ಸೋಫಾ ಮೇಲೆ ಕೂತಿದ್ದ. ಬಿಡದೆ ಹೆಣಗಿದವಳು ನಾಗಿ. ಎಲ್ಲಾ ಮುಗಿದ ಮೇಲೆ ಗಣಪ ಅದರ ಶ್ರೇಯಸ್ಸನ್ನು ದೇವರಿಗೆ ಕೊಡುತ್ತಾನೆ. ನಾಗಿಯ ಮುಖ ನೋಡಬೇಕು ಆಗ. ನಾನು ಮೊದಲ ಸಲ ಈ ಸಿನಿಮಾ ನೋಡಿದಾಗ ಇಂಜಿನಿಯರಿಂಗ್ ಓದುತ್ತಿದ್ದೆ. ನನಗೆ ಆಗ ಇದು ಅಣೆಕಟ್ಟಿನ ಸಿನಿಮಾ ಆಗಿತ್ತು. ಈ ಸಲ ಬೇರೆ ಏನೋ ಕಂಡಿತು.

ನಮ್ಮ ಮನೆಯಲ್ಲಿ ಮುಳುಗಡೆಯ ಕಥೆಗೆ ಒಂದು ಅಧಿಕೃತ ಆವೃತ್ತಿ ಇದೆ. ಅದನ್ನು ಅಜ್ಜ ಹೇಳುತ್ತಿದ್ದ: ಅಜ್ಜ ಗುಡ್ಡ ಕಡಿದ, ಅಜ್ಜ ಮನೆ ಎತ್ತಿದ, ಊರ ದೇವರು ಕಾಪಾಡಿದ. ಅಜ್ಜಿ ಆ ಕಥೆಯಲ್ಲಿ ಎಲ್ಲೂ ಇಲ್ಲ. ಕಥೆ ನಡೆಯುವಾಗ ಅವಳು ಒಳಗೆ ಒಲೆ ಊದುತ್ತಿರುತ್ತಿದ್ದಳು. ನಾನು ಕೇಳಿದೆ, 'ಅಪ್ಪಯ್ಯ, ಗುಡ್ಡಕ್ಕೆ ಬಂದ ವರ್ಷ ಅಜ್ಜ ಎಂತ ಮಾಡ್ತಿದ್ದ?'

ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಪ್ಪ ಮಲಗಿಬಿಟ್ಟಿದ್ದ' ಅಂದ. 'ಜ್ವರ ಅಲ್ಲ, ಎಂತದೂ ಅಲ್ಲ. ಗದ್ದೆ ಹೋದಮೇಲೆ ಎರಡು ಮಳೆಗಾಲ ಏಳಲೇ ಇಲ್ಲ. ಎದ್ದರೆ ಹೋಗಿ ನೀರಿನ ಹತ್ರ ಕೂರೋದು. ಗೋಡೆ ಇಟ್ಟಿದ್ದು ಅವ್ವ. ಬೇರೆಯವರ ಮನೆ ಭತ್ತ ಕುಟ್ಟಿ ಅಕ್ಕಿ ತಂದಿದ್ದು ಅವ್ವ. ಎಲ್ಲಾ ಅವ್ವನೇ ಮಾಡಿದ್ದು.'

ಅಜ್ಜಿ ಹಸೆ ಚಿತ್ತಾರ ಬರೆಯುವವಳು. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಕೆಳಗಿನ ಮನೆಯ ಜಗುಲಿಯ ಗೋಡೆಯಲ್ಲಿ ಅವಳ ಮದುವೆಯ ವರ್ಷದ ಚಿತ್ತಾರ ಇತ್ತಂತೆ. ಬಾಗಿಲು, ತೊಲೆ ಎಲ್ಲಾ ಗಾಡಿ ಹತ್ತಿತು, ಮಣ್ಣಿನ ಗೋಡೆ ಹೇಗೆ ಹತ್ತಬೇಕು? ಹೊಸ ಗೋಡೆ ಒಣಗಿದ ಮೇಲೆ ಅದೇ ಚಿತ್ತಾರವನ್ನು ಮೊದಲಿಂದ ಬರೆದಳು, ಅಪ್ಪಯ್ಯ ಹಿಟ್ಟಿನ ಪಾತ್ರೆ ಹಿಡಿದುಕೊಂಡಿದ್ದ. ಒಂದು ಕಡೆ ಗೆರೆ ತಪ್ಪಿತ್ತಂತೆ, ಹಳೆಯದರಲ್ಲೂ ಅಲ್ಲೇ ತಪ್ಪಿತ್ತಂತೆ. ಆ ಮೂಲೆ ನನಗೆ ಗೊತ್ತು. ಚಿಕ್ಕವನಿದ್ದಾಗ ಅಲ್ಲಿ ಬೆರಳಿಟ್ಟು, 'ಅಜ್ಜಿ, ಇಲ್ಲಿ ತಪ್ಪಾಗಿದೆ' ಅಂದಿದ್ದೆ. ಅವಳು 'ಇರ್ಲಿ, ಅದು ಅಲ್ಲೇ ಇರ್ಬೇಕು' ಅಂದಿದ್ದಳು.

ಇಷ್ಟು ಸಿನಿಮಾ ನೋಡಿದ ಮೇಲೆ ನನ್ನದೊಂದು ತಕರಾರಿದೆ. ಎಲ್ಲವೂ ನೀರು ಬರುವವರೆಗೆ ಅಥವಾ ನೀರು ಬರುವಾಗಿನ ಕಥೆ. ಸಹಜ, ಅಲ್ಲೇ ನಾಟಕ ಇರೋದು. ನೀರು ಬಂದ ಮೇಲಿನ ಅರವತ್ತು ವರ್ಷದ ಕಥೆಗೆ ಯಾವ ಜಾತಿಯ ಸಿನಿಮಾ ಸರಿ? ಅದು ತಾಲೂಕು ಆಫೀಸಿನ ಬೆಂಚಿನ ಕಥೆ. ಎಷ್ಟೋ ಮುಳುಗಡೆಯವರನ್ನು ಕೂರಿಸಿದ ಜಾಗ ಕಾಗದದಲ್ಲಿ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಆ ಕಾಡನ್ನು ನಾಡು ಮಾಡೋ ಹಾಗಿಲ್ಲ. ಅಪ್ಪಯ್ಯ ಬಗರ್‌ಹುಕುಂಗೆ ಫಾರಂ 50 ಹಾಕಿದ. ಆಮೇಲೆ 53 ಹಾಕಿದ. ಆಮೇಲೆ 57 ಹಾಕಿದ. ನಾನು ಕೆಲಸದಲ್ಲಿ ಡೇಟಾ ಮೈಗ್ರೇಶನ್ ಮಾಡೋನು. ಹೊಸ ಸರ್ವರಿನಲ್ಲಿ ಪ್ರತಿಯೊಂದು ರೆಕಾರ್ಡ್ ಬಂದು ಕೂತಿದೆಯಾ ಅಂತ ಖಾತ್ರಿಯಾಗದೆ ಹಳೆಯದನ್ನು ಆಫ್ ಮಾಡಿದರೆ ಅವತ್ತೇ ನನ್ನ ಕೆಲಸ ಹೋಗುತ್ತದೆ.

'ಕಾಂತಾರ' ಬಂದಾಗ ಅಪ್ಪಯ್ಯನನ್ನು ಶಿವಮೊಗ್ಗದಲ್ಲಿ ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಕೊನೆಯಲ್ಲಿ ದೈವ ಕೂಗಿದಾಗ ಇಡೀ ಹಾಲ್ ಎದ್ದು ನಿಂತಿತ್ತು. ಹೊರಗೆ ಬಂದು ಕಾಫಿ ಕುಡಿಯುವಾಗ ಅಪ್ಪಯ್ಯ, 'ನಮ್ಮ ಭೂತನ ಕಲ್ಲು ಕೆಳಗೇ ಉಳೀತು, ಅದಕ್ಕೇ ಕೂಗಿದ್ದು ಕೇಳ್ಲಿಲ್ಲ ಕಾಣ್ತದೆ' ಅಂದಿದ್ದ. ಆಗ ನಾನು ಅದನ್ನು ಜೋಕ್ ಅಂದುಕೊಂಡಿದ್ದೆ.

ಇನ್ನೊಂದು ವಿಷಯ. ಶಂಕರ್‌ನಾಗ್ ಎಂಬತ್ತರ ದಶಕದಲ್ಲಿ 'ಮಾಲ್ಗುಡಿ ಡೇಸ್' ತೆಗೆದಾಗ ಆಗುಂಬೆ ಮಾಲ್ಗುಡಿಯಾಯ್ತು. ರೈಲ್ವೆ ಸ್ಟೇಷನ್ ಆಗಿದ್ದು ನಮ್ಮ ಹೊಸನಗರ ತಾಲೂಕಿನ ಅರಸಾಳು. ಆಗಿನ್ನೂ ಮೀಟರ್‌ಗೇಜ್ ಹಳಿ. ಆ ಹಳೇ ಸ್ಟೇಷನ್ ಕಟ್ಟಡವನ್ನು 2020ರಲ್ಲಿ ರೈಲ್ವೆಯವರು ಚೆಂದ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಒಳ್ಳೇ ಕೆಲಸ, ನಾನೂ ಹೋಗಿ ಫೋಟೋ ತೆಗೆಸಿಕೊಂಡಿದ್ದೇನೆ. ಎಂದೂ ಇಲ್ಲದ ಊರಿಗೆ ನಮ್ಮ ತಾಲೂಕಿನಲ್ಲಿ ಮ್ಯೂಸಿಯಂ ಇದೆ. ಅಜ್ಜನ ಊರಿಗೆ ಒಂದು ಬೋರ್ಡೂ ಇಲ್ಲ.

ಜುಲೈ 14ಕ್ಕೆ ಸಿಗಂದೂರು ಸೇತುವೆ ಶುರುವಾಯ್ತು, 2.44 ಕಿಲೋಮೀಟರ್. ಅರವತ್ತು ವರ್ಷ ದ್ವೀಪದಲ್ಲಿದ್ದ ತುಮರಿ ಕಡೆಯ ಜನ ಲಾಂಚಿಗೆ ಕಾಯದೆ ಆಸ್ಪತ್ರೆಗೆ ಹೋಗಬಹುದು. ಆ ದಿನದ ವಿಡಿಯೋ ನೋಡುತ್ತಾ ಅಪ್ಪಯ್ಯನ ಕಣ್ಣು ತುಂಬಿದ್ದು ಅಮ್ಮ ಫೋನಿನಲ್ಲಿ ಹೇಳಿದ್ದಳು. ಅವನ ಅಕ್ಕನನ್ನು ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಹೆರಿಗೆ ನೋವಿನ ರಾತ್ರಿ ಲಾಂಚ್ ಇರಲಿಲ್ಲ. ಅಷ್ಟೇ ನನಗೆ ಗೊತ್ತಿರೋದು, ಅದರ ಮುಂದಕ್ಕೆ ಕೇಳೋ ಧೈರ್ಯ ನನಗೆ ಈವರೆಗೂ ಆಗಿಲ್ಲ.

ಹೊಸ ಹಲ್ಲು ಬಂತು. ಹನ್ನೆರಡನೇ ದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿಸೋಕೆ ಹೋದಾಗ ಅಪ್ಪಯ್ಯ, 'ಆ ಚೀನಾದ ಬೈಕಿನವಂದು ಅಷ್ಟೇ ಕತ್ತರಿಸಿ ನನ್ನ ಫೋನಿಗೆ ಹಾಕಕೆ ಬರ್ತದಾ?' ಅಂದ. ಕಾಪಿರೈಟ್ ಗೀಪಿರೈಟ್ ಯೋಚಿಸಲಿಲ್ಲ, ಎರಡು ನಿಮಿಷದ ತುಣುಕು ಮಾಡಿ ಕಳಿಸಿದೆ. ಬಸ್ಸು ತುಮಕೂರು ದಾಟುವಷ್ಟರಲ್ಲಿ ಅವನು ಅದನ್ನು ತನ್ನ ಮುಳುಗಡೆಯವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದ್ದ. ಆ ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾನೆ. ಸಾಧಾರಣವಾಗಿ ಅಲ್ಲಿ ಶುಭೋದಯ, ಅಡಿಕೆ ರೇಟು ಬಿಟ್ಟರೆ ಏನೂ ಇರಲ್ಲ. ಹನ್ನೊಂದೂವರೆಗೆ ಮೊದಲ ರಿಪ್ಲೈ ಬಂತು, ಹಿನ್ನೀರಲ್ಲಿರುವ ಒಂದು ಊರಿನ ಹೆಸರು. ಅದರ ಕೆಳಗೆ ಇನ್ನೊಬ್ಬರದು ಇನ್ನೊಂದು ಊರು. ಆಮೇಲೆ ಯಾರೋ ಊರಿನ ಜೊತೆ ಸರ್ವೆ ನಂಬರೂ ಹಾಕಿದರು. ಬೆಳಿಗ್ಗೆ ಎದ್ದು ನೋಡಿದರೆ ನಲವತ್ತೊಂದು ಮೆಸೇಜ್. ಎಲ್ಲವೂ ಅಡ್ರೆಸ್ಸು.